ಪಯಣದ ಕಟ್ಟು

ಗಿಳಿಶಾಸ್ತ್ರದ ಪಾಲಯ್ಯ ತೀರಿಕೊಂಡ ಮೂರು ವರ್ಷಕ್ಕೆ, ಅವನ ದೇವರ ಚಿತ್ರದ ಪಟಗಳನ್ನು ನೋಡಬೇಕೆಂದು ಸುಶ್ಮಿತಾ ಎಂಬ ಹುಡುಗಿ ರಾಯದುರ್ಗಕ್ಕೆ ಹುಡುಕಿಕೊಂಡು ಬಂದಳು. ಮಡಕಶಿರಾದ ಔಷಧಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಭಾನುವಾರ ಮಾತ್ರ ಗೊತ್ತಿದ್ದವರಿಗೆ ಟ್ಯಾರೋ ಎಂಬ ಚಿತ್ರದ ಎಲೆ ಹಾಕಿ ಭವಿಷ್ಯ ಹೇಳುತ್ತಿದ್ದಳು. ಅವಳ ತಾತ ಚಿಕ್ಕತಿಮ್ಮಯ್ಯ ಕುರಿ ವ್ಯಾಪಾರಕ್ಕೆ ಈ ಕಡೆ ಬಂದಾಗಲೆಲ್ಲ ಪಾಲಯ್ಯನ ಮುಂದೆ ಒಂದು ಗಳಿಗೆ ಕೂತೇ ಹೋಗುತ್ತಿದ್ದನಂತೆ.

"ಬಾರವ್ವ, ಕುಂದ್ರು," ಎಂದು ಪಾಲಯ್ಯನ ಹೆಂಡತಿ ಉಜ್ಜಿನಮ್ಮ ಚಾಪೆ ಹಾಸಿದಳು. ಗಂಡನ ವಿದ್ಯೆಯನ್ನು ಕೇಳಿಕೊಂಡು ಯಾರಾದರೂ ಬಂದು ಎಷ್ಟು ಕಾಲವಾಗಿತ್ತೋ!

ಸುಶ್ಮಿತಾ ಬ್ಯಾಗಿನಿಂದ ಮೂರು ಡಬ್ಬಿ ತೆಗೆದು ಎಲೆಗಳನ್ನು ಹರಡಿದಳು. "ಅಜ್ಜಿ, ಈ ದೊಡ್ಡದು ಮನಸ್ಸಿನ ಗೊಂದಲ ಕೇಳೋರಿಗೆ. ಹೂವಿನ ಚಿತ್ರದ್ದು ಪ್ರೀತಿ, ಮದುವೆ ವಿಚಾರಕ್ಕೆ. ಈ ಚಿಕ್ಕದು ಹೌದಾ ಅಲ್ವಾ ಅನ್ನೋ ಪ್ರಶ್ನೆಗೆ."

ಉಜ್ಜಿನಮ್ಮ ನಕ್ಕಳು. ಒಳಗೆ ಹೋಗಿ ತಗಡಿನ ಪೆಟ್ಟಿಗೆ ತಂದಳು. ಅದರಲ್ಲೂ ಮೂರು ಕಟ್ಟುಗಳಿದ್ದವು, ಒಂದೊಂದಕ್ಕೂ ಒಂದೊಂದು ಬಣ್ಣದ ನೂಲು. ಹಳದಿ ಮದುವೆಗೆ, ಕೆಂಪು ಪಯಣಕ್ಕೆ, ಬಿಳಿ ಕಾಯಿಲೆಗೆ. ಬೆರಳು ತಾಗಿ ತಾಗಿ ಪಟಗಳ ಅಂಚು ಬಟ್ಟೆಯಷ್ಟು ಮೆತ್ತಗಾಗಿತ್ತು.

ಮೂರು ಕಟ್ಟನ್ನೂ ತಿರುವಿ ಹಾಕಿ, ಬಿಳಿ ನೂಲಿನದನ್ನು ಹಿಡಿದುಕೊಂಡು ಸುಶ್ಮಿತಾ ಕೇಳಿದಳು: "ಇದ್ರಲ್ಲಿ ಶನಿ ಇಲ್ವಲ್ಲಜ್ಜಿ? ಯಮನೂ ಇಲ್ಲ. ಬೇರೆ ಎರಡ್ರಲ್ಲೂ ಅವೆ."

"ಅವರಽ ತೆಗದು ಹಾಕಿದ್ರವ್ವ. ಕಾಯಿಲಿ ಬಿದ್ದೋರ ಮನಿಯವರು ಮೊದ್ಲಽ ಅಂಜಿರ್ತಾರ. ಅವರ ಕೈಗೆ ಯಮನ್ನ ಯಾಕ ಕೊಡ್ಬೇಕು ಅಂತಿದ್ರು."

"ನನ್ನ ಎಲೇಲೂ ಸಾವಿನ ಚಿತ್ರ ಐತೆ. ಅದಕ್ಕೆ ಬದಲಾವಣೆ ಅಂತ ಅರ್ಥ ಅಂತಾರೆ. ಆದ್ರೆ ನಾನು ಅರ್ಥ ಹೇಳೋದ್ರೊಳಗೆ ಕೂತೋರ ಮುಖ ಬಿಳುಚ್ಕೊಂಡಿರ್ತದೆ," ಎಂದಳು ಸುಶ್ಮಿತಾ.

ಉಜ್ಜಿನಮ್ಮನಿಗೆ ಹಳೆಯದೆಲ್ಲ ಕಣ್ಣಿಗೆ ಕಟ್ಟಿತು; ಒಂದೊಂದಾಗಿ ಹುಡುಗಿಗೆ ಹೇಳಿದಳು. ಸಂತೆಯ ದಿನ ಬೇವಿನ ಮರದಡಿ ಪಾಲಯ್ಯ, ಪಕ್ಕದಲ್ಲಿ ಗಿಳಿಯ ಪಂಜರ. ಬಂದವರು ಕನ್ನಡದಲ್ಲಿ ಕೇಳಿದರೆ ಕನ್ನಡ, ತೆಲುಗಿನಲ್ಲಿ ಕೇಳಿದರೆ ತೆಲುಗು. ಗಿಳಿ ಸಾಕಬಾರದು ಎಂಬ ಕಾನೂನು ತಿಳಿದ ದಿನ ಪಂಜರದ ಬಾಗಿಲು ತೆರೆದುಬಿಟ್ಟಿದ್ದ. ಆಮೇಲೆ ಬಂದವರ ಕೈಯಿಂದಲೇ ಪಟ ತೆಗೆಸುತ್ತಿದ್ದ. ಆದರೆ ಕಟ್ಟನ್ನು ಮಾತ್ರ ತಾನೇ ಆರಿಸುತ್ತಿದ್ದ. ಒಮ್ಮೆ ನೇಮಕಲ್ಲಿನ ಲಕ್ಷ್ಮಕ್ಕ ಕಳೆದುಹೋದ ಕುರಿ ಸಿಗುತ್ತದೋ ಇಲ್ಲವೋ ಎಂದು ಕೇಳಿದಾಗ, ಅವನು ಮದುವೆಯ ಹಳದಿ ನೂಲು ಬಿಚ್ಚಿದ್ದ. ಲಕ್ಷ್ಮಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಕುರಿ ಹುಡುಕುವ ನೆಪದಲ್ಲಿ ಗಂಡ ತನ್ನೊಡನೆ ಜಗಳವಾಡಿಕೊಂಡು ಮನೆ ಬಿಟ್ಟು ಹೋಗಿದ್ದನೆಂದು ಆಮೇಲೆ ಬಾಯಿಬಿಟ್ಟಳು.

"ಕಟ್ಟು ಆರಿಸೋದು ಹೆಂಗೆ ಕಲಿತ್ರು?" ಸುಶ್ಮಿತಾ ಕೇಳಿದಳು.

"ಬಂದೋರು ಏನು ಕೇಳ್ತಾರ ಅನ್ನೋದಕ್ಕಿಂತ ಏನು ಕೇಳಾಕ ಹಿಂಜರೀತಾರ ಅಂತ ನೋಡ್ತಿದ್ರು."

ಆಮೇಲೆ ಉಜ್ಜಿನಮ್ಮ ಯಾರಿಗೂ ಹೇಳದ ಮಾತೊಂದನ್ನು ಹೇಳಿದಳು. ಪಾಲಯ್ಯ ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, "ಉಜ್ಜಿ, ನನಗೊಂದು ಪಟ ತೆಗಿ," ಎಂದಿದ್ದ. ಅವಳು ಬಿಳಿ ನೂಲಿಗೆ ಕೈ ಹಾಕಿದಳು. ಅವನು ತಲೆಯಾಡಿಸಿದ. "ಅದಲ್ಲ. ಕೆಂಪಿಂದು ಬಿಚ್ಚು."

ಪಯಣದ ಕಟ್ಟು. ಆ ನೂಲು ಬಿಚ್ಚಲು ಅವಳಿಗೆ ಮನಸ್ಸಾಗಲಿಲ್ಲ. ಆದರೂ ತೆಗೆದಳು. ಅಂಬಿಗ ರಾಮನನ್ನು ಹೊಳೆ ದಾಟಿಸುತ್ತಿರುವ ಪಟ ಬಂತು. ಪಾಲಯ್ಯ ಅದನ್ನು ಎದೆಯ ಮೇಲಿಟ್ಟುಕೊಂಡು, "ಚಲೋ ಬಂತು ನೋಡು, ನೀರು ತಣ್ಣಗೈತಿ," ಎಂದು ನಕ್ಕ. ನಾಲ್ಕು ದಿನಕ್ಕೆ ಹೋಗಿಬಿಟ್ಟ.

"ಆವತ್ತು ಸಿಟ್ಟು ಬಂದಿತ್ತವ್ವ. ಬಿಳೀದು ಬಿಚ್ಚಿದ್ರ ಉಳೀತಿದ್ರೇನೋ ಅಂತ. ಈಗ ಅನಿಸ್ತೈತಿ, ಹೊರಟೀನಿ ಅಂತ ನನಗ ಹೇಳಾಕ ಅವರಿಗೆ ಬ್ಯಾರೆ ದಾರಿ ಇರಲಿಲ್ಲ."

ಸುಶ್ಮಿತಾ ತನ್ನ ಎಲೆಗಳನ್ನು ಜೋಡಿಸಿ ಡಬ್ಬಿಗೆ ತುಂಬಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಅಜ್ಜಿ, ನಂಗೊಂದು ನೋಡ್ತೀರಾ? ಕೆಲಸ ಬದಲಾಯಿಸ್ಲಾ ಅಂತ," ಎಂದಳು.

ಉಜ್ಜಿನಮ್ಮ ಜನ್ಮದಲ್ಲಿ ಯಾರಿಗೂ ಶಾಸ್ತ್ರ ಹೇಳಿದವಳಲ್ಲ. ಹುಡುಗಿಯ ಮುಖ ನೋಡಿದಳು. ಬಂದಾಗಿನಿಂದ ಅವಳು ನಾಲ್ಕು ಸಲ ಫೋನ್ ತೆಗೆದು ನೋಡಿದ್ದಳು. ಬಿಳಿ ಕಟ್ಟನ್ನು ಮಾತ್ರ ಮಡಿಲಿನಿಂದ ಕೆಳಗಿಟ್ಟಿರಲಿಲ್ಲ.

"ಮನ್ಯಾಗ ಯಾರಿಗೆ ಹುಷಾರಿಲ್ಲ?"

ಸುಶ್ಮಿತಾಳ ಕಣ್ಣು ತುಂಬಿತು. "ನಮ್ಮಮ್ಮಂಗೆ. ಬುಧವಾರ ಆಪರೇಷನ್."

ಉಜ್ಜಿನಮ್ಮ ಬಿಳಿ ಕಟ್ಟನ್ನು ಅವಳ ಮುಂದೆ ಹರಡಿದಳು. ಸುಶ್ಮಿತಾ ತೆಗೆದದ್ದು ಅನ್ನಪೂರ್ಣೆಯ ಪಟ.

"ನಿಮ್ಮವ್ವ ನಿನ್ನ ಕೈತುತ್ತು ಉಣ್ತಾಳ. ಡಾಕ್ಟ್ರು ಹೇಳಿದ್ದು ಮಾತ್ರ ತಪ್ಪಿಸಬ್ಯಾಡ," ಎಂದಳು ಉಜ್ಜಿನಮ್ಮ. ತನ್ನ ದನಿ ಇಷ್ಟು ಗಟ್ಟಿಯಾಗಿ ಬಂದದ್ದಕ್ಕೆ ತಾನೇ ಬೆರಗಾದಳು.

ಆಪರೇಷನ್ ಆದ ಮೇಲಿನ ಸೋಮವಾರ ಪಕ್ಕದ ಮನೆಯ ಕೃಷ್ಣವೇಣಿ ತನ್ನ ಫೋನ್ ತಂದು ಕೊಟ್ಟಳು; ಹೋಗುವಾಗ ಸುಶ್ಮಿತಾ ಆ ನಂಬರು ಬರೆದುಕೊಂಡಿದ್ದಳು. ಮಾತಾಡಿದ್ದು ಸುಶ್ಮಿತಾಳ ತಾಯಿ ಮಂಜಮ್ಮ. ಗಂಜಿ ಕುಡಿದು ಎದ್ದು ಕೂತಿದ್ದಾಳಂತೆ. "ನನ್ ಮಗಳು ಎಲ್ಲಾ ಹೇಳಿದ್ಲಕ್ಕ. ನಮ್ಮಪ್ಪನೂ ನಿಮ್ಮ ಯಜಮಾನ್ರನ್ನ ಭಾಳ ನೆನೀತಿದ್ದ," ಎಂದಳು. ಆ ದಿನಗಳ ಕುರಿಸಂತೆ, ಬೇವಿನ ನೆರಳು, ಬಿಟ್ಟ ಮೇಲೂ ವಾರಗಟ್ಟಲೆ ಅದೇ ಮರಕ್ಕೆ ಬರುತ್ತಿದ್ದ ಗಿಳಿ ಎಂದು ಇಬ್ಬರೂ ಮಾತಾಡುತ್ತಲೇ ಹೋದರು. ಕೃಷ್ಣವೇಣಿ ಫೋನಿಗಾಗಿ ಕಾದು ಕಾದು, ಕೊನೆಗೆ ಕಟ್ಟೆಯ ಮೇಲೆ ಕೂತು ತಾನೂ ಕೇಳತೊಡಗಿದಳು.