ಹೊಳೆಯಿಂದ ಕಂಡ ಕಿಟಕಿ

ನನ್ನ ಅಮ್ಮ ಲಿಯೊಂತೀನ್ ಅರ್ಧ ಆಯುಷ್ಯವನ್ನು ರೋಕ್‌ವಿಯೆಲ್ ಕೋಟೆಯ ಟಿಕೆಟ್ ಗೂಡಿನಲ್ಲೇ ಕಳೆದಳು. ಟಿಕೆಟಿನ ಜೊತೆಗೆ ಚಿತ್ರದ ಕಾರ್ಡುಗಳನ್ನೂ ಮಾರುತ್ತಿದ್ದಳು. ಕಾರ್ಡಿನಲ್ಲಿ ಕಡಿದಾದ ಬಂಡೆ, ಬಂಡೆಯ ನೆತ್ತಿಯಲ್ಲಿ ಕೋಟೆ, ಅದರ ಬುಡದಲ್ಲಿ ಒಂದರ ಹೆಗಲ ಮೇಲೆ ಇನ್ನೊಂದು ಕೂತಂಥ ಜೇನುಬಣ್ಣದ ಮನೆಗಳು, ಕೆಳಗೆ ದೊರ್ದೋನ್ ಹೊಳೆ. ಆ ಚಿತ್ರವನ್ನು ಹೊಳೆಯ ನಡುವೆ ನಿಂತೇ ತೆಗೆಯಬೇಕು. ಅಮ್ಮ ಒಮ್ಮೆಯೂ ಅಲ್ಲಿಗೆ ಹೋದವಳಲ್ಲ. ಬೇಸಿಗೆಯಲ್ಲಿ ಪ್ರವಾಸಿಗರ ಕಾಟ, ಉಸಿರಾಡಲೂ ಪುರುಸೊತ್ತಿಲ್ಲ. ಬೇಸಿಗೆ ಕಳೆದ ಮೇಲೆ ಆ ಚಳಿಯಲ್ಲಿ ಹೊಳೆಗಿಳಿಯುವ ಹುಚ್ಚು ಯಾರಿಗಿದೆ?

ಅಪ್ಪ ಗಾಸ್ತೋನ್ ಕೆಳಗೆ ದಡದಲ್ಲಿ ದೋಣಿ ಬಾಡಿಗೆಗೆ ಕೊಡುತ್ತಿದ್ದ. ರಾತ್ರಿ ಸೂಪಿನ ಮುಂದೆ ಕೂತರೆ ಅವನದು ಒಂದೇ ಹಾಡು.

"ಇವತ್ತೂ ನಿನ್ನ ನೋಡ್ದೆ, ಲಿಯೊಂತೀನ್. ಕೆಂಪು ಶಾಲು ಹೊದ್ಕೊಂಡಿದ್ದೆ. ಎಷ್ಟು ಕೈ ಬೀಸಿದ್ರೂ ತಿರುಗಿ ನೋಡ್ಲಿಲ್ಲ."

ಆ ಕಲ್ಲಿನ ಗೂಡು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು, ಶಾಲಿಲ್ಲದೆ ಅಮ್ಮ ಕೂರುತ್ತಲೇ ಇರಲಿಲ್ಲ. ಕಿಟಕಿ ಅವಳ ಬೆನ್ನ ಹಿಂದೆ. ಎದ್ದು ನೋಡಿದರೂ ಹೊಳೆಯ ಮೇಲೆ ಅಕ್ಕಿಕಾಳಿನಷ್ಟು ದೋಣಿಗಳು. ಅದರಲ್ಲಿ ಗಂಡ ಯಾವನೋ, ಹಾಲೆಂಡಿನ ಪ್ರವಾಸಿ ಯಾವನೋ!

"ಸುಳ್ಳಬುರುಕ," ಎನ್ನುತ್ತಿದ್ದಳು ಅಮ್ಮ. "ಅಷ್ಟುದ್ದದ ದೋಣಿ ನನಗೆ ಕಾಣಲ್ಲ, ಗೂಡೊಳಗೆ ಕೂತ ನಾನು ನಿನಗೆ ಕಾಣ್ತೀನಾ? ಬೆಳಿಗ್ಗೆ ಹೊರಡೋವಾಗ ಶಾಲು ನೋಡಿರ್ತೀಯ, ಅಷ್ಟೇ."

"ಒಂದ್ಸಲ ಬಾ, ತೋರಿಸ್ತೀನಿ."

"ಸೀಸನ್ ಮುಗೀಲಿ."

ಎಷ್ಟೋ ಸೀಸನ್ನುಗಳು ಮುಗಿದವು. ಕೊನೆಗೆ ಅಪ್ಪನೇ ಹೋದ, ದೋಣಿಗಳು ನನ್ನ ಪಾಲಿಗೆ ಬಂದವು. ಅವನನ್ನು ಮಣ್ಣು ಮಾಡಿ ಬಂದ ದಿನ ಅಮ್ಮ ಒಂದೇ ಒಂದು ಮಾತು ಕೇಳಿದ್ದಳು: "ಎಲಿಯಾನ್, ಅವನು ನಿಜವಾಗ್ಲೂ ನೋಡ್ತಿದ್ನಾ?" ಏನು ಹೇಳಲೂ ತೋಚದೆ, "ಅಪ್ಪಂದು ತಮಾಷೆ ಅಲ್ವೇನಮ್ಮ" ಎಂದುಬಿಟ್ಟೆ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಈ ವಸಂತದಲ್ಲಿ ಅಮ್ಮನಿಗೆ ನಿವೃತ್ತಿಯಾಯಿತು. ಜೂನ್ ತಿಂಗಳ ಒಂದು ಬೆಳಿಗ್ಗೆ, ನಾನು ದೋಣಿಗಳನ್ನು ಗಾಡಿಗೆ ಕಟ್ಟುತ್ತಿದ್ದಾಗ, ಅಮ್ಮ ಕೋಟೆಯ ಕಡೆಯಿಂದ ಇಳಿದು ಬಂದಳು. ಶಾಲು ಹೊದ್ದು ಮೇಲೆ ಹೋದವಳು ಶಾಲಿಲ್ಲದೆ ಬಂದಿದ್ದಳು. ಸೆಕೆ ಇತ್ತಲ್ಲ, ನಾನು ಕೇಳಲಿಲ್ಲ. ಹಿಂದೆ ಹಿಟ್ಟಿನಂತೆ ಬಿಳಿಯಾದ ಮೀಸೆಯ ಅನ್ಸೆಲ್ಮ್ ಮಾಮ ನಿಂತಿದ್ದರು. ನಮ್ಮೂರಿಗೆಲ್ಲ ಬ್ರೆಡ್ಡು ಸುಟ್ಟುಕೊಟ್ಟವರು, ಅಪ್ಪನ ಮೀನು ಹಿಡಿಯುವ ಜೊತೆಗಾರ.

"ಒಂದು ದೋಣಿ ಕೊಡು," ಎಂದಳು ಅಮ್ಮ.

"ಯಾರಿಗೆ?"

"ನನಗೆ. ಅನ್ಸೆಲ್ಮ್ ಹುಟ್ಟು ಹಾಕ್ತಾನೆ."

"ಅಮ್ಮಾ, ನಿನಗೆ ಈಜೋಕೆ ಬರಲ್ಲ."

"ನಾನು ಕೇಳ್ತಿರೋದು ದೋಣಿ ಕಣೇ. ಈಜ್ತೀನಿ ಅಂದ್ನಾ?"

"ಮಾಮ, ನೀವಾದ್ರೂ ಬುದ್ಧಿ ಹೇಳಿ."

"ಹೇಳ್ದೆ ಮಗಳೇ," ಎಂದರು ಅನ್ಸೆಲ್ಮ್ ಮಾಮ. "ಹೇಳಿದ್ದಕ್ಕೇ ಇಲ್ಲಿ ಬಂದು ನಿಂತಿದ್ದೀನಿ."

ಅಮ್ಮನ ಜೊತೆ ವಾದ ಮಾಡಿ ಗೆದ್ದವರು ನಮ್ಮೂರಲ್ಲಿ ಯಾರೂ ಇಲ್ಲ. ಪ್ರವಾಸಿಗರ ಒಂದು ಸಂಸಾರದ ಜೊತೆ ಅವರಿಬ್ಬರನ್ನೂ ಗಾಡಿಯಲ್ಲಿ ಹತ್ತಿಸಿಕೊಂಡು ಮೇಲಿನ ಸೇತುವೆಗೆ ಹೋದೆ. ಅಲ್ಲಿಂದ ಹರಿವಿನ ಜೊತೆ ಇಳಿದರೆ ಕೋಟೆಯ ಕೆಳಗೆ ಹೊಳೆ ತಿರುಗುವ ಬಾಗು ದಾಟಿ ನನ್ನ ದಡಕ್ಕೇ ಬಂದು ಸೇರುತ್ತಾರೆ. ಹಾಲೆಂಡಿನ ಆ ಸಂಸಾರಕ್ಕೆ ನನ್ನ ದಿನದ ಪಾಠ ಒಪ್ಪಿಸಿದೆ: ಮಧ್ಯಾಹ್ನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಹೊಳೆ ಏರುತ್ತದೆ, ಎಲ್ಲಿ ಇಳಿದರೂ ದೋಣಿಯನ್ನು ಪೂರ್ತಿ ಮೇಲಕ್ಕೆ ಎಳೆದಿಡಿ. ನಮ್ಮವರಿಬ್ಬರೂ ಅಷ್ಟು ಹೊತ್ತು ಅಕ್ರೋಟಿನ ಕೇಕನ್ನು ದೋಣಿಯ ನೀರು ಹೋಗದ ನೀಲಿ ಡಬ್ಬದಲ್ಲಿ ಹೇಗೆ ಇಡುವುದೆಂದು ಜಗಳವಾಡುತ್ತಿದ್ದರು. ಹೊಳೆಯ ಪಕ್ಕದಲ್ಲೇ ಹುಟ್ಟಿ ಬೆಳೆದವರಿಗೆ ಹೊಳೆಯ ಪಾಠ ಯಾರಾದರೂ ಹೇಳುತ್ತಾರೆಯೇ?

ಅಮ್ಮನಿಗೆ ಲೈಫ್ ಜಾಕೆಟ್ಟನ್ನು ನಾನೇ ತೊಡಿಸಿದೆ.

"ಕುಂಬಳಕಾಯಿ ಥರ ಕಾಣ್ತೀನಿ."

"ಕಾಣು. ಬಿಚ್ಚಲ್ಲ ಅಂತ ಮಾತು ಕೊಡು."

"ಆಯ್ತು ತಾಯಿ, ಬಿಚ್ಚಲ್ಲ."

ಮಧ್ಯಾಹ್ನ ಕಳೆಯಿತು. ಹಾಲೆಂಡಿನವರು ಸುಟ್ಟ ಮೂಗುಗಳನ್ನು ಹೊತ್ತು ನಗುತ್ತಾ ಬಂದಿಳಿದರು. ಅವರ ಹಿಂದೆ ಇನ್ನೂ ನಾಲ್ಕಾರು ದೋಣಿಗಳು ಬಂದವು. ನೀರು ಏರಿ ಕಂದು ಬಣ್ಣಕ್ಕೆ ತಿರುಗಿತು. ಕೊನೆಗೆ ಅಮ್ಮನ ಹಳದಿ ದೋಣಿ ಕಾಣಿಸಿತು. ಅದು ಅಡ್ಡಡ್ಡ ತಿರುಗಿಕೊಂಡು ಬರುತ್ತಿತ್ತು. ಒಳಗೆ ಯಾರೂ ಇರಲಿಲ್ಲ.

ಸೊಂಟದವರೆಗೆ ನೀರಿಗಿಳಿದು ಅದನ್ನು ಹಿಡಿದೆ. ಅಮ್ಮನಿಗೆ ಫೋನ್ ಮಾಡಿದೆ. ಅವಳ ಫೋನಿನ ಅಕಾರ್ಡಿಯನ್ ರಾಗ ಕೇಳತೊಡಗಿತು, ನನ್ನ ಮುಂದೆಯೇ, ದೋಣಿಗೆ ಕಟ್ಟಿದ್ದ ನೀಲಿ ಡಬ್ಬದ ಒಳಗಿನಿಂದ. ಮುಚ್ಚಳ ತಿರುಗಿಸಿದೆ. ಅಮ್ಮನ ಫೋನು, ಅರ್ಧ ತಿಂದ ಕೇಕು, ಬಿರಡೆ ಹಾಕಿದ ವೈನು. ಜಾಕೆಟ್ಟುಗಳು ದೋಣಿಯಲ್ಲಿ ಇರಲಿಲ್ಲ. ಮೈಮೇಲೇ ಇರಬೇಕು, ಮೈಮೇಲಿದ್ದರೆ ಮುಳುಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅಗ್ನಿಶಾಮಕದವರಿಗೆ ಫೋನ್ ಮಾಡಿದೆ. ಪಟ್ಟಣದಿಂದ ಹೊರಟಿದ್ದೇವೆ ಎಂದರು. ಪಟ್ಟಣ ಗುಡ್ಡದ ಆಚೆ, ಅವರು ಬರುವವರೆಗೆ ದಡದಲ್ಲಿ ನಿಲ್ಲುವ ಜಾಯಮಾನ ನನ್ನದಲ್ಲ. ಮೂವರು ಕೂರುವ ದೋಣಿಯೊಂದನ್ನು ನೀರಿಗೆ ತಳ್ಳಿ, ಹರಿವು ಕಡಿಮೆ ಇರುವ ದಡದಂಚಿನಲ್ಲೇ ಮೇಲ್ಮುಖವಾಗಿ ಹುಟ್ಟು ಹಾಕಿದೆ. ತೋಳು ಕಿತ್ತು ಬರುತ್ತಿತ್ತು. ಅಮ್ಮನನ್ನು ಬೈಯುತ್ತಲೇ ಇದ್ದೆ. ಬೈಗುಳ ನಿಲ್ಲಿಸಿದರೆ ಅಳು ಬರುತ್ತದೆಂದು ಗೊತ್ತಿತ್ತು.

ಬಾಗಿಗೆ ಇನ್ನೇನು ಸ್ವಲ್ಪ ದೂರವಿರುವಾಗ ದಡದ ಮರವೊಂದರ ಬೇರುಗಳಲ್ಲಿ ಕಿತ್ತಳೆ ಬಣ್ಣದ ಏನೋ ಸಿಕ್ಕಿಕೊಂಡಿತ್ತು. ಹತ್ತಿರ ಹೋದೆ. ಜಾಕೆಟ್ಟು. ಹರಿದ ಕುತ್ತಿಗೆಪಟ್ಟಿಯನ್ನು ನಾನೇ ಬಿಳಿ ದಾರದಲ್ಲಿ ಹೊಲಿದಿದ್ದೆ. ಬೆಳಿಗ್ಗೆ ಅಮ್ಮನಿಗೆ ತೊಡಿಸಿದ್ದು ಅದನ್ನೇ.

"ಅಮ್ಮಾ!" ಎಂದು ಕಿರುಚಿದೆ. ಬಂಡೆಗೆ ಬಡಿದು ನನ್ನ ದನಿಯೇ ವಾಪಸು ಬಂತು. ಆಮೇಲೆ ಹೇಗೆ ಹುಟ್ಟು ಹಾಕಿದೆನೋ, ಹೇಗೆ ಬಾಗು ತಿರುಗಿದೆನೋ ಗೊತ್ತಿಲ್ಲ.

ಹೊಳೆಯ ನಡುವೆ ಬೆಣಚುಕಲ್ಲಿನ ದಿಬ್ಬವೊಂದಿದೆ. ಬೆಳಿಗ್ಗೆ ಅದರ ಮೇಲೆ ಹತ್ತು ದೋಣಿ ನಿಲ್ಲಿಸಬಹುದು. ಈಗ ಅದು ನಮ್ಮ ಊಟದ ಮೇಜಿನಷ್ಟು ಉಳಿದಿತ್ತು. ಅನ್ಸೆಲ್ಮ್ ಮಾಮ ಪಾದ ಮುಳುಗುವ ನೀರಿನಲ್ಲಿ, ಒಂದು ಕೈಯಲ್ಲಿ ಎರಡು ಹುಟ್ಟು, ಇನ್ನೊಂದರಲ್ಲಿ ಎರಡು ಜೊತೆ ಬೂಟು ಹಿಡಿದು ನಿಂತಿದ್ದರು. ತಮ್ಮ ಜಾಕೆಟ್ಟನ್ನು ಅಮ್ಮನಿಗೆ ತೊಡಿಸಿದ್ದರು. ಅಮ್ಮ ಉಳಿದ ಒಣಜಾಗದಲ್ಲಿ ಒಂದು ಕಲ್ಲಿನ ಮೇಲೆ ಕೂತು ಕತ್ತೆತ್ತಿ ಕೋಟೆ ನೋಡುತ್ತಿದ್ದಳು.

"ಅಮ್ಮಾ!"

"ಸ್ವಲ್ಪ ಪಕ್ಕಕ್ಕೆ ಸರಿಯೇ," ಎಂದಳು ಅಮ್ಮ. "ನೀನು ಅಡ್ಡ ಬಂದ್ರೆ ಕಾಣಲ್ಲ."

ನಾನು ದೋಣಿಯಿಂದ ಜಿಗಿದು ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ. ಅತ್ತು ಮುಗಿಸಿ ಜಗಳ ತೆಗೆದೆ.

"ಬಿಚ್ಚಲ್ಲ ಅಂತ ಮಾತು ಕೊಟ್ಟಿದ್ದೆ!"

"ಕಲ್ಲು ಚುಚ್ತಿತ್ತು, ಹಾಸ್ಕೊಂಡು ಕೂತಿದ್ದೆ. ಎದ್ದು ನಿಂತಾಗ ಹೊರಟೋಯ್ತು."

"ದೋಣಿ?"

"ಅದು ಜಾಕೆಟ್ಟಿಗಿಂತ ಮೊದ್ಲೇ ಹೋಯ್ತು," ಎಂದರು ಅನ್ಸೆಲ್ಮ್ ಮಾಮ.

"ಪೂರ್ತಿ ಮೇಲಕ್ಕೆ ಎಳೆದಿಡಬಾರದಾ ಮಾಮ?"

"ನೀನು ಹಾಲೆಂಡಿನವರಿಗೆ ಹೇಳ್ತಿದ್ದೆ. ನಮಗೆ ಹೇಳಿದ್ಯಾ?"

ಇಬ್ಬರೂ ಸಿಕ್ಕರು ಎಂದು ಅಗ್ನಿಶಾಮಕದವರಿಗೆ ತಿಳಿಸಿದೆ.

"ಇದೇ ಜಾಗ," ಎಂದರು ಅನ್ಸೆಲ್ಮ್ ಮಾಮ. "ಮೀನಿಗೆ ಅಂತ ಬಂದ್ರೆ ಗಾಸ್ತೋನ್ ಮೊದ್ಲು ಇಲ್ಲಿ ನಿಲ್ಲಿಸ್ತಿದ್ದ. ಟೋಪಿ ತೆಗೆದು ಮೇಲಕ್ಕೆ ಬೀಸ್ತಿದ್ದ. ಮೀನೆಲ್ಲ ಓಡಿಹೋಗೋದು. ಎಷ್ಟು ಬೈದ್ರೂ ಕೇಳ್ತಿರಲಿಲ್ಲ."

ಅಮ್ಮ ನನ್ನ ಗಲ್ಲ ಹಿಡಿದು ಮುಖವನ್ನು ಮೇಲಕ್ಕೆ ತಿರುಗಿಸಿದಳು. "ಬಾಗಿಲ ಗೋಪುರ ಕಾಣ್ತಾ? ಅದರ ಎಡಕ್ಕೆ ನೋಡು."

ದಿನವೂ ಈ ಹೊಳೆಯಲ್ಲೇ ಬದುಕುವವಳು ನಾನು. ಆದರೆ ನನ್ನ ಕಣ್ಣು ಯಾವಾಗಲೂ ನೀರಿನ ಮೇಲೆ, ಯಾರು ಮಗುಚುತ್ತಾರೋ ಎಂಬ ಭಯದಲ್ಲಿ. ಗೋಡೆಯನ್ನು ಹಾಗೆ ನಿಂತು ನೋಡಿದ್ದು ಅದೇ ಮೊದಲು. ಅಷ್ಟು ದೊಡ್ಡ ಬೂದುಗೋಡೆಯಲ್ಲಿ ಒಂದು ಪುಟ್ಟ ಕಿಟಕಿ, ಕಿಟಕಿಯಲ್ಲಿ ಒಂದು ಕೆಂಪು ಚುಕ್ಕೆ.

"ನನ್ನ ಶಾಲು," ಎಂದಳು ಅಮ್ಮ. "ಟಿಕೆಟ್ ಕೊಡೋ ಹೊಸ ಹುಡುಗಿ ಕಾಪ್ಯುಸೀನ್‌ಗೆ ಕೊಟ್ಟು ಬಂದಿದ್ದೆ, ಇವತ್ತೊಂದು ದಿನ ಕಿಟಕಿಗೆ ನೇತುಹಾಕು ಅಂತ. ಕಾಣ್ತಿದೆ ತಾನೇ? ನನಗೊಬ್ಬಳಿಗೇ ಅಲ್ಲ ತಾನೇ?"

"ಕಾಣ್ತಿದೆ ಅಮ್ಮ. ಚೆನ್ನಾಗಿ ಕಾಣ್ತಿದೆ."

"ಅವನು ಸುಳ್ಳು ಹೇಳಿಲ್ಲ ಕಣೇ," ಎಂದಳು. ಮುಖದಲ್ಲಿ ಅಳುವಿರಲಿಲ್ಲ, ಹೊತ್ತ ಹೊರೆ ಕೆಳಗಿಳಿಸಿದವರ ಮುಖವಾಗಿತ್ತು. "ಪ್ರತಿ ಸಲವೂ ನೋಡಿದ್ದಾನೆ."

ಇಬ್ಬರನ್ನೂ ದೋಣಿಗೆ ಹತ್ತಿಸಿದೆ. ಹರಿವು ನಮ್ಮನ್ನು ಎತ್ತಿಕೊಂಡಿತು. ಅಮ್ಮ ಹಿಂದಕ್ಕೆ ತಿರುಗಿ ಕೂತು ಕೈ ಎತ್ತಿ ಬೀಸತೊಡಗಿದಳು.

"ಅಲ್ಲಿರೋರಿಗೆ ನಾವು ಕಾಣಲ್ಲಮ್ಮ."

"ಗೊತ್ತು," ಎಂದಳು ಅಮ್ಮ. "ನನಗೂ ಕಾಣ್ತಿರಲಿಲ್ಲ."

ಕೈ ಮಾತ್ರ ಕೆಳಗಿಳಿಸಲಿಲ್ಲ. ಅನ್ಸೆಲ್ಮ್ ಮಾಮ ಟೋಪಿ ತೆಗೆದು ತಾವೂ ಬೀಸಿದರು. ನಾನು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಆ ಕಿಟಕಿ ಮರೆಯಾಗುವವರೆಗೆ ದೋಣಿಯನ್ನು ಅದರ ಪಾಡಿಗೆ ಬಿಟ್ಟೆ.