ಕಿವಿಗೊಂದು ಜೇಬು

ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ಬೇರೆ ಹೆಂಗಸರು ಹಾಡು ಕೇಳುತ್ತಾ ಹೊಲಿಯುತ್ತಿದ್ದರು. ಕದಿರಮ್ಮ ಅಕ್ಕನ ಮಾತು ಕೇಳುತ್ತಾ ಹೊಲಿಯುತ್ತಿದ್ದಳು.

ಅಕ್ಕ ಇರುವುದು ದೂರದ ಅಗಳಿ ಎಂಬ ಊರಿನಲ್ಲಿ. ಹೆಸರು ಮೂಕಮ್ಮ. ಆ ಹೆಸರಿಟ್ಟವರು ಆಮೇಲೆ ಒಂದೇ ಒಂದು ದಿನ ಅವಳ ಪಕ್ಕದಲ್ಲಿ ಕೂತಿದ್ದರೂ ನಾಚಿಕೊಂಡು ಎದ್ದು ಹೋಗುತ್ತಿದ್ದರು. ಮೂರು ವಾರದ ಹಿಂದೆ ತನ್ನ ಕರಿಬೇವಿನ ಗಿಡಕ್ಕೆ ಬಾಯಿ ಹಾಕಿದ ಪಕ್ಕದ ಮನೆಯ ಮೇಕೆಯನ್ನು ಅಟ್ಟಿಸಿಕೊಂಡು ಹೋಗಿ, ಚರಂಡಿಯ ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡಿದ್ದಳು. ಮೇಕೆಗೆ ಏನೂ ಆಗಲಿಲ್ಲ. ಮಡಕಶಿರಾದ ಡಾಕ್ಟರು ತೊಡೆಯವರೆಗೂ ಪ್ಲಾಸ್ಟರ್ ಮೆತ್ತಿ, ಆರು ವಾರ ಕಾಲು ನೆಲಕ್ಕೆ ತಾಕಿಸಬೇಡ, ತಾಕಿಸಿದರೆ ಮತ್ತೆ ಮೊದಲಿಂದ ಕಟ್ಟಬೇಕಾಗುತ್ತದೆ ಎಂದಿದ್ದರು. ಹುಟ್ಟಿದಾಗಿನಿಂದ ಒಂದು ಕಡೆ ಕೂತವಳಲ್ಲ ಆಕೆ. ಗಂಡ, ಮಗ, ಸೊಸೆ ಬೆಳಿಗ್ಗೆ ಕೂಲಿಗೆ ಹೋದರೆ ಬರುವುದು ಸಂಜೆಗೆ. ಅವಳನ್ನು ಮಂಚದ ಮೇಲೆ ಹಿಡಿದು ಕೂರಿಸುವವರು ಯಾರು?

ಕದಿರಮ್ಮನೇ. ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಹಚ್ಚಿದರೆ ಸಂಜೆಯವರೆಗೂ ಇಡುತ್ತಿರಲಿಲ್ಲ. ಅಲ್ಲಿ ಅಕ್ಕನ ತಲೆದಿಂಬಿನ ಹತ್ತಿರ ಫೋನು, ಇಲ್ಲಿ ಕದಿರಮ್ಮನ ತಲೆಗೆ ದೊಡ್ಡ ಹೆಡ್‌ಫೋನು. ಎರಡು ಕಿವಿಯನ್ನೂ ಮೆತ್ತಗೆ ಮುಚ್ಚುವಂಥದ್ದು. ಮೂವತ್ತು ಮಿಷನ್ನು ಒಟ್ಟಿಗೆ ಓಡುವ ಶೆಡ್ಡಿನಲ್ಲಿ ಬೇರೆ ಯಾವುದೂ ನಡೆಯುತ್ತಿರಲಿಲ್ಲ. ಅಕ್ಕ ಎದ್ದೇಳುವ ಸುಳಿವು ಸಿಕ್ಕಿದರೆ ಸಾಕು, ಇಲ್ಲಿಂದಲೇ ಗದರಿಸಿ ಕೂರಿಸುವಳು.

ಆ ಶುಕ್ರವಾರ ಹೆಡ್‌ಫೋನಿನ ವೈರು ಮಿಷನ್ನಿನ ಚಕ್ರಕ್ಕೆ ಸುತ್ತಿಕೊಂಡಿತು. ಕದಿರಮ್ಮನ ತಲೆ ದಡ್ ಎಂದು ಮಿಷನ್ನಿಗೆ ಬಡಿಯಿತು. ಇನ್ನೊಂದು ಸುತ್ತಾಗಿದ್ದರೆ ಹಣೆ ಸೂಜಿಯ ಕೆಳಗೆ ಹೋಗುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ಮಾಲೀಕ ಸಣ್ಣಬಸಪ್ಪ ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡು ವೈರನ್ನು ಕಚಕ್ಕನೆ ಕತ್ತರಿಸಿದ.

ಬೇರೆಯವರಾಗಿದ್ದರೆ ಕೈ ಮುಗಿಯುತ್ತಿದ್ದರು. ಕದಿರಮ್ಮ ಹಣೆಯ ಬುಗುಟೆ ಒತ್ತಿಕೊಳ್ಳುತ್ತಲೇ ಮೇಲೆದ್ದಳು.

"ಯಾರನ್ನ ಕೇಳಿ ಕತ್ತರಿಸಿದ್ರಿ?"

"ತೆಲಿ ಉಳೀತಲ್ಲ, ಅದನ್ನ ನೋಡು!"

"ತೆಲೀನೂ ನಂದ, ಹೆಡ್‌ಫೋನೂ ನಂದ. ಮಿಷನ್ ಬಂದ್ ಮಾಡಾಕ ಬರ್ತಿರ್ಲಿಲ್ಲೇನು?"

ಸಣ್ಣಬಸಪ್ಪ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ. ಹೆದರಿಕೆಯಾದಾಗ ಅವನಿಗೆ ಸಿಟ್ಟೇ ಬರುವುದು. ಮೂವತ್ತು ಮಂದಿಗೂ ಕೇಳುವಂತೆ ಕೂಗಿದ: "ಕೇಳ್ರಿ ಎಲ್ಲಾರೂ! ನಾಳಿಂದ ಈ ಶೆಡ್ಡಿನಾಗ ಯಾರ ಕಿವಿಯಿಂದಾನೂ ವೈರು ಇಳಿಬಿದ್ದಿರಬಾರ್ದು. ಇದ್ರ ಮನೀಗೆ ಹೋಗ್ರಿ!"

ಮಾತು ಸರಿಯೇ. ಅದು ಕದಿರಮ್ಮನಿಗೂ ಗೊತ್ತಿತ್ತು. ಸರಿಯಾದ ಮಾತು ಕೇಳಿದರೆ ಅವಳಿಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತಿತ್ತು.

ಶನಿವಾರ ಬರಿಗಿವಿಯಲ್ಲಿ ಹೊಲಿದಳು. ಊಟದ ಹೊತ್ತಿಗೆ ಅಕ್ಕನಿಗೆ ಫೋನ್ ಮಾಡಿದರೆ ರಿಂಗ್ ಆಗುತ್ತಲೇ ಇದೆ, ಎತ್ತುವವರಿಲ್ಲ. ಮೂರನೇ ಸಲಕ್ಕೆ ಮೂಕಮ್ಮ ಏದುಸಿರು ಬಿಡುತ್ತಾ ಎತ್ತಿದಳು.

"ಎಲ್ಲಿ ಸತ್ತಿದ್ದೆ ಅಕ್ಕಾ?"

"ಮೋಡ ಆಗಿತ್ತು ಕಣೆ. ಹಿತ್ಲಾಗೆ ಬಟ್ಟೆ ಒಣಗಾಕಿದ್ರು, ಎತ್ಕಂಬಂದೆ."

"ಕಾಲು?"

"ಒಂದೇ ಕಾಲಲ್ಲಿ ಗೋಡೆ ಹಿಡ್ಕಂಡು ಹೋಗಿದ್ದೆ. ಬಾಗ್ಲತ್ರ ಒಂಚೂರು ಜಾರ್ತು. ಬೀಳ್ಲಿಲ್ಲ ಬಿಡು. ನೀನ್ಯಾಕೆ ಬೆಳಿಗ್ಗೆಯಿಂದ ಮಾತಾಡ್ಲಿಲ್ಲ? ಒಬ್ಳೇ ಕುಂತು ಕುಂತು ತಲೆ ಕೆಟ್ಟೋಯ್ತು. ಸೋಮವಾರ ಅಟ್ಟದ ಮೇಲಿನ ಹುಣಸೆಹಣ್ಣು ಇಳಿಸ್ಬೇಕು ಅಂತಿದೀನಿ."

ಕದಿರಮ್ಮನ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಬಿತ್ತು. ಅಟ್ಟ! ಸೋಮವಾರ ಬೆಳಿಗ್ಗೆ ಒಂಬತ್ತರೊಳಗೆ ತನ್ನ ಕಿವಿ ಅಗಳಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಅಕ್ಕನ ಇನ್ನೊಂದು ಕಾಲೂ ಉಳಿಯುವುದಿಲ್ಲ.

ಭಾನುವಾರ ಬೆಳಿಗ್ಗೆ ಬಾಲ ಕತ್ತರಿಸಿದ ಹೆಡ್‌ಫೋನ್ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ ಹೋದಳು. ಅಂಗಡಿಯ ಹನುಮೇಶ್ ಒಡೆದ ಗಾಜು, ಸಡಿಲವಾದ ಚಾರ್ಜಿಂಗ್ ತೂತು, ಇಷ್ಟನ್ನೇ ಸರಿಮಾಡುತ್ತಾ ಮೂವತ್ತೈದರ ವಯಸ್ಸು ಮುಟ್ಟಿದವನು.

"ಇದಕ್ಕ ವೈರ್ ಬ್ಯಾಡ. ವೈರಿಲ್ದಂಗ ಮಾಡಿಕೊಡು," ಎಂದಳು.

ಹನುಮೇಶ್ ನಕ್ಕ. "ಅಕ್ಕಾರ, ಇದು ಮ್ಯೂಸಿಯಂಗ ಕೊಡೋ ಸಾಮಾನು. ಇಕಾ ಇದನ್ನ ತಗೋರಿ," ಎಂದು ಕಡಲೆಕಾಳಿನಷ್ಟು ದಪ್ಪದ ಎರಡು ಬಡ್ಸ್ ಮುಂದಿಟ್ಟ.

"ಇದನ್ನ ಕಿವಿಯೊಳಗ ತುರುಕಿಕೊಂಡ್ರ ಮಿಷನ್ ಸದ್ದನ್ನ ನಿಮ್ಮಪ್ಪ ಬಂದು ತಡೀತಾನೇನು? ಕಿವಿ ಪೂರ್ತಿ ಮುಚ್ಚೋದು ಬೇಕು."

"ಅಂಥಾದ್ದು ಬಳ್ಳಾರಿಯಿಂದ ತರಿಸ್ಬೇಕ್ರಿ. ಗುರುವಾರ ಬರ್ತೈತಿ."

"ಗುರುವಾರದ ಹೊತ್ತಿಗೆ ನಮ್ಮಕ್ಕ ಅಟ್ಟದ ಮ್ಯಾಲಿಂದ ಬಿದ್ದಿರ್ತಾಳ."

ಅವಳ ಕಣ್ಣು ಅಂಗಡಿಯ ಮೂಲೆಯಲ್ಲಿದ್ದ ರದ್ದಿ ಡಬ್ಬಿಯ ಮೇಲೆ ಬಿತ್ತು. ಕುತ್ತಿಗೆಗೆ ಹಾಕಿಕೊಳ್ಳುವ ಒಂದು ಹಳೆ ನೆಕ್‌ಬ್ಯಾಂಡ್ ಅದರಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು.

"ಇದ್ರಾಗ ಬ್ಲೂಟೂತ್ ಬದುಕೈತೋ, ಸತ್ತೈತೋ?"

"ಬ್ಲೂಟೂತ್ ಬದುಕೈತ್ರಿ. ಕಿವಿ ಎರಡೂ ಸತ್ತಾವ."

"ನನ್ನ ಹತ್ರ ಕಿವಿ ಬದುಕ್ಯಾವ, ವೈರು ಸತ್ತೈತಿ. ಎರಡೂ ಕೂಡ್ಸು."

"ಲಗ್ನ ಮಾಡಿದಂಗ ಅಲ್ರೀ ಅದು."

"ಲಗ್ನಕ್ಕಿಂತ ಸಲೀಸು. ಇವಕ್ಕ ಅತ್ತಿ ಇಲ್ಲ, ಮಾವ ಇಲ್ಲ. ಬಿಚ್ಚೋ!"

ಬಿಚ್ಚಿದ. ನೆಕ್‌ಬ್ಯಾಂಡಿನ ಹೊಟ್ಟೆಯಿಂದ ಉಗುರಿನಷ್ಟಗಲದ ಹಸಿರು ಬೋರ್ಡು, ಅದಕ್ಕೆ ಅಂಟಿಕೊಂಡ ಪುಟ್ಟ ಬ್ಯಾಟರಿ ಹೊರಗೆ ಬಂದವು. ಮಾತು ಹಿಡಿಯುವ ಮೈಕು ಬೋರ್ಡಿನ ಮೇಲೆಯೇ ಸಾಸಿವೆಯಷ್ಟು ಇತ್ತು. ಇನ್ನು ಹೆಡ್‌ಫೋನಿನ ಮೋಟು ವೈರನ್ನು ಬೋರ್ಡಿನ ವೈರಿಗೆ ಬೆಸೆಯುವುದಷ್ಟೇ ಬಾಕಿ. ಹನುಮೇಶ್ ಕಾವೇರಿದ ಸೋಲ್ಡರಿಂಗ್ ಕಡ್ಡಿಯಿಂದ ಸೀಸ ಮುಟ್ಟಿಸಿದ. ಸೀಸ ಗುಂಡಗೆ ಮುತ್ತಿನಂತಾಗಿ ಉರುಳಿ ಕೆಳಗೆ ಬಿತ್ತು. ಮತ್ತೆ ಮುಟ್ಟಿಸಿದ. ಮತ್ತೆ ಉರುಳಿತು. ಐದನೇ ಸಲಕ್ಕೆ ಕಡ್ಡಿ ಕೆಳಗಿಟ್ಟ.

"ಹಿಡಿಯಂಗಿಲ್ರಿ. ವೈರೇ ಸರಿ ಇಲ್ಲ. ನಾ ಮೊದ್ಲೇ ಹೇಳ್ಲಿಲ್ಲ?"

"ಏನು ಹೇಳಿದ್ದೆ? ಮ್ಯೂಸಿಯಂ ಅಂದಿದ್ದೆ. ಕೊಡು ಇಲ್ಲಿ."

ಕದಿರಮ್ಮ ವೈರಿನ ತುದಿಯನ್ನು ಬೆಳಕಿಗೆ ಹಿಡಿದಳು. ಇಪ್ಪತ್ತೆರಡು ವರ್ಷ ದಾರ ನೋಡಿದ ಕಣ್ಣು ಅದು. ಕೂದಲಿಗಿಂತ ತೆಳ್ಳಗಿನ ತಾಮ್ರದ ಎಳೆಗಳ ನಡುವೆ ಬೆಳ್ಳಗೆ ಏನೋ ಕಂಡಿತು. ಸೆರಗಿನಲ್ಲಿ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಎಳೆ ಬಿಡಿಸಿದಳು.

"ಲೇ ಹನುಮೇಶ! ಇದ್ರಾಗ ದಾರ ಐತಲ್ಲೋ!"

"ವೈರ್‌ನಾಗ ಎಲ್ಲಿ ದಾರ ಬರ್ತೈತ್ರಿ?"

"ಕಣ್ಣಿದ್ರ ನೋಡು. ತಂತಿ ಹರೀಬಾರ್ದು ಅಂತ ನಡುವ ದಾರ ಹೊಸೆದಾರ. ನೀ ದಾರಕ್ಕ ಸೀಸ ಹಚ್ಚಾಕತ್ತಿ. ದಾರಕ್ಕ ಸೀಸ ಹತ್ತಿದ್ರ ನಾವೆಲ್ಲ ಪ್ಯಾಂಟು ಯಾಕ ಹೊಲೀತಿದ್ವಿ, ಬೆಸುಗೆ ಹಾಕ್ತಿದ್ವಿ!"

ಕೆಂಪು ಎಳೆಗಳ ಮೇಲೆ ಬಣ್ಣದ ಮೆರುಗೂ ಇತ್ತು. ಅದು ತಂತಿಯ ಬಣ್ಣವಲ್ಲ, ಮೇಲೆ ಬಳಿದ ವಾರ್ನಿಷ್ ಎಂದು ಉಗುರು ತಾಕಿಸಿದ ಕೂಡಲೇ ಅವಳಿಗೆ ಗೊತ್ತಾಯಿತು. ಬೆಂಕಿಪೊಟ್ಟಣ ಇಸಿದುಕೊಂಡಳು. ಕಡ್ಡಿ ಗೀರಿ ಎಳೆಯ ತುದಿಗೆ ಒಂದು ಕ್ಷಣ ತೋರಿಸಿ ಹಿಂದೆಗೆದಳು. ದಾರವೂ ಸುಟ್ಟಿತು, ವಾರ್ನಿಷೂ ಸುಟ್ಟಿತು. ಮಸಿಯನ್ನು ಬ್ಲೇಡಿನಿಂದ ಸವರಿ ತೆಗೆದಾಗ ತಾಮ್ರ ಹೊಸ ಚೆಂಬಿನಂತೆ ಹೊಳೆಯಿತು. "ಈಗ ಹಚ್ಚು."

ಸೀಸ ಬೆಣ್ಣೆಯಂತೆ ಹತ್ತಿಕೊಂಡಿತು.

ಆ ಗೆಲುವು ಬಹಳ ಹೊತ್ತು ಉಳಿಯಲಿಲ್ಲ. ಗೆದ್ದ ಹುಮ್ಮಸ್ಸಿನಲ್ಲಿ ಕದಿರಮ್ಮ ಸೋಲ್ಡರಿಂಗ್ ಕಡ್ಡಿಯನ್ನೂ ಕಿತ್ತುಕೊಂಡಳು. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಹೊಂದಿಸಿ ತಾನೇ ಬೆಸೆದಳು. ಬಟನ್ ಒತ್ತಿ ತಲೆಗೆ ಹಾಕಿಕೊಂಡರೆ ಒಂದು ಕಿವಿಯಲ್ಲಿ ಸದ್ದಿಲ್ಲ, ಇನ್ನೊಂದರಲ್ಲಿ ಹಪ್ಪಳ ಕರಿದಂತೆ ಚರಪರ ಮಾತ್ರ.

ಈಗ ನಗುವ ಸರದಿ ಹನುಮೇಶನದು. "ಅಕ್ಕಾರ, ಇದು ಪ್ಯಾಂಟಿಗೆ ದಾರ ಹೊಂದಿಸಿದಂಗಲ್ಲ. ಆ ಕಂಪನಿ ಕೆಂಪಿಗೂ ಈ ಕಂಪನಿ ಕೆಂಪಿಗೂ ಸಂಬಂಧ ಇಲ್ಲ."

"ಅದನ್ನ ಬೆಸಿಯೋಕ್ಕಿಂತ ಮೊದ್ಲ ಬೊಗಳಾಕ ಏನಾಗಿತ್ತು?"

"ಕಡ್ಡಿ ಕಸ್ಕೊಂಡೋರು ನನ್ನ ಬಾಯಿ ಬಿಡಾಕ ಬಿಟ್ರಾ?"

ಅವನು ಎಲ್ಲ ಬಿಡಿಸಿ, ಗೋಡೆ ಗಡಿಯಾರದ ಸೆಲ್ ತೆಗೆದು ಹೆಡ್‌ಫೋನಿನ ಎರಡೆರಡು ಎಳೆಗೆ ತಾಕಿಸುತ್ತಾ ಹೋದ. ಯಾವ ಜೋಡಿಗೆ ಯಾವ ಕಿವಿ ಟಿಕ್ ಎನ್ನುತ್ತದೋ ಕದಿರಮ್ಮ ಹೇಳಬೇಕು. "ಎಡಕ್ಕ. ಬಲಕ್ಕ. ಇದಕ್ಕ ಏನಿಲ್ಲ." ಹೀಗೆ ಗುರುತು ಹಿಡಿದು ಮತ್ತೆ ಬೆಸೆದು ಬಟನ್ ಒತ್ತಿದರು. ಬೋರ್ಡಿನೊಳಗಿಂದ ಯಾವಳೋ ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಎರಡೂ ಕಿವಿಯಲ್ಲಿ. ಕದಿರಮ್ಮ ಅಲ್ಲೇ ಅಕ್ಕನಿಗೆ ಫೋನ್ ಹಚ್ಚಿದಳು. ಹತ್ತು ಹೆಜ್ಜೆ ದೂರ ಹೋಗಿ ಮಾತಾಡಿದಳು. ಬಂದು ಹನುಮೇಶನ ಬೆನ್ನಿಗೆ ಒಂದು ಗುದ್ದಿದಳು. ಅವಳು ಹೊಗಳುವ ರೀತಿಯೇ ಅದು.

ಬೋರ್ಡು, ಬ್ಯಾಟರಿ ಕಿವಿಯ ಬಟ್ಟಲೊಳಗೆ ಹಿಡಿಸಲಿಲ್ಲ. ಹನುಮೇಶ್ ಹೊರಗಡೆ ಟೇಪ್ ಸುತ್ತೋಣ ಎಂದ. "ಟೇಪು ಸುತ್ತಿಕೊಂಡು ತಿರುಗಾಕ ನಾನೇನು ಒಡೆದ ಪೈಪಾ?" ಎಂದು ಕದಿರಮ್ಮ ಮನೆಗೆ ಬಂದಳು. ಜೀನ್ಸ್ ಪ್ಯಾಂಟಿನ ಮುಂದಿನ ಜೇಬಿನೊಳಗೆ ಒಂದು ಪುಟ್ಟ ಜೇಬು ಇರುತ್ತದಲ್ಲ, ಅಂಥದೊಂದನ್ನು ತುಂಡು ಬಟ್ಟೆಯಲ್ಲಿ ಹೊಲಿದಳು. ಕಿತ್ತಳೆ ದಾರ, ಎರಡು ಸಾಲು. ಮೈಕಿಗೆ ಮಾತು ಹೋಗಲೆಂದು ಗುಂಡಿಗೆ ಹಾಕುವಂಥ ಒಂದು ಕಾಜಾ ತೆಗೆದಳು. ಹೆಡ್‌ಫೋನಿನ ಬಲಗಿವಿಗೆ ಅದನ್ನು ಸೇರಿಸಿ ಹೊಲಿದು, ಬೋರ್ಡನ್ನು ಅದರೊಳಗೆ ಮಲಗಿಸಿದಳು.

ಸೋಮವಾರ ಒಂಬತ್ತಕ್ಕೆ ಶೆಡ್ಡಿನಲ್ಲಿ ಹೆಡ್‌ಫೋನ್ ಏರಿಸಿದಳು. ಅಕ್ಕನ ಮಾತು ಪಕ್ಕದಲ್ಲೇ ಕೂತಂತೆ ಕೇಳಿತು. ಇನ್ನೂ ನಾಲ್ಕು ಪ್ಯಾಂಟಿಗೂ ಜಿಪ್ ಕೂರಿಸಿರಲಿಲ್ಲ, ಅಷ್ಟರಲ್ಲಿ ಸಣ್ಣಬಸಪ್ಪ ಬಂದು ಎದುರಿಗೆ ನಿಂತ.

"ನಾ ಏನು ಹೇಳಿದ್ದೆ ಕದಿರಮ್ಮ?"

"ಕಿವಿಯಿಂದ ವೈರು ಇಳಿಬಿದ್ದಿರಬಾರ್ದು ಅಂದಿದ್ರಿ. ಎಲ್ಲೈತಿ ಹುಡುಕ್ರಿ."

ಸಣ್ಣಬಸಪ್ಪ ಅವಳನ್ನು ಒಂದು ಸುತ್ತು ಸುತ್ತಿದ. ಮಿಷನ್ನಿನ ಕೆಳಗೆ ಬಗ್ಗಿ ನೋಡಿದ. ಕೊನೆಗೆ ಅವಳ ಬಲಗಿವಿಯ ಹತ್ತಿರ ಕಣ್ಣು ಕಿರಿದು ಮಾಡಿದ.

"ಇದೇನಿದು? ಕಿವಿಗೆ ಜೇಬು ಹೊಲ್ದೀಯೇನು? ಎಲಿ ಅಡಿಕಿ ಇಡಾಕಾ?"

ಹೆಂಗಸರು ಮಿಷನ್ ನಿಲ್ಲಿಸಿ ನಗತೊಡಗಿದರು. ಅದು ಅವನಿಗೆ ಹಿಡಿಸಲಿಲ್ಲ. "ನಾ ವೈರು ಅಂದ್ರ ಹೆಡ್‌ಫೋನು ಅಂತ ಅರ್ಥ. ತೆಗಿ."

"ಮೂವತ್ತು ಮಂದಿ ಮುಂದ ವೈರು ಅಂದೀರಿ. ವೈರು ತೆಗದೀನಿ. ಮಾತು ಅಂದ್ರ ಮಾತು."

"ಹಾಡು ಕೇಳ್ಕೊಂತ ಬೆರಳು ಹೊಲ್ಕೊಂಡ್ರ ಯಾರ ತೆಲಿಮ್ಯಾಲ ಬರ್ತೈತಿ? ಕೊಡಿಲ್ಲಿ, ಅದೇನು ಹಾಡೋ ನಾನೂ ಕೇಳ್ತೀನಿ!" ಎಂದವನೇ ಹೆಡ್‌ಫೋನ್ ಕಿತ್ತುಕೊಂಡು ತನ್ನ ತಲೆಗೆ ಏರಿಸಿಕೊಂಡ.

ಕದಿರಮ್ಮ ಹಿಡಿಯಲು ಕೈ ಚಾಚಿದಳು, ಸಿಗಲಿಲ್ಲ. ಸಾವ್ಕಾರ ಬಂದ ಎಂದು ಈಗಷ್ಟೇ ಅಕ್ಕನಿಗೆ ಹೇಳಿದ್ದಳು. ಅಕ್ಕನ ಬಾಯಿ ಎಂಥದ್ದೆಂದು ಅವಳಿಗೆ ಗೊತ್ತು. ಅಲ್ಲಿಂದ ಏನು ಬರುತ್ತಿದೆ ಎಂಬುದು ಮಾತ್ರ ಕೇಳುವಂತಿಲ್ಲ. ಸಣ್ಣಬಸಪ್ಪನ ಮುಖ ನೋಡುವುದೊಂದೇ ದಾರಿ. ಆ ಮುಖ ಮೊದಲು ಕೆಂಪಾಯಿತು.

"ನಾನು ಕದಿರಮ್ಮ ಅಲ್ಲವ್ವಾ," ಎಂದ ಅವನು. ಸ್ವಲ್ಪ ಹೊತ್ತು ಕೇಳಿದ. "ಹೌದು, ಆ ಮುದುಕನೇ." ಮತ್ತೆ ಕೇಳಿದ. "ಇಲ್ಲವ್ವಾ, ತೆಲಿ ಕೆಟ್ಟಿಲ್ಲ."

ಪಕ್ಕದ ಮಿಷನ್ನಿನ ದುರುಗಕ್ಕ ಸೆರಗು ಬಾಯಿಗೆ ತುರುಕಿಕೊಂಡಳು.

"ಮೀಸೆ ವಿಚಾರ ಬಿಡು. ಕಾಲಿಗೆ ಏನಾಗೇತಿ?... ಎಷ್ಟು ದಿನ?... ಇನ್ನೂ ಮೂರು ವಾರಾ? ಮನ್ಯಾಗ ಯಾರೂ ಇಲ್ಲೇನು?" ಅವನ ದನಿ ಇಳಿದಿತ್ತು. ಕದಿರಮ್ಮನ ಕಡೆ ಒಮ್ಮೆ ನೋಡಿದ. ಅಷ್ಟರಲ್ಲಿ ಏನು ಕೇಳಿಸಿತೋ, ಎರಡೂ ಕೈಯಲ್ಲಿ ಹೆಡ್‌ಫೋನ್ ಒತ್ತಿ ಹಿಡಿದು ಶೆಡ್ಡಿನ ತಗಡು ಹಾರುವಂತೆ ಕೂಗಿದ:

"ಏ, ಏಳಬ್ಯಾಡ! ಗ್ಯಾಸಿನ ಗಾಡಿ ಹೋದ್ರ ಹೋಗ್ಲಿ! ಕೂಡ್ರು! ಕೂಡ್ರವಾ ಅಂದ್ರ ಕೂಡ್ರು!"

ನಗುತ್ತಾ ನಿಂತಿದ್ದ ಹೆಂಗಸರೆಲ್ಲ ಸ್ಟೂಲಿನ ಮೇಲೆ ಕುಕ್ಕರಿಸಿದರು.

ಸಣ್ಣಬಸಪ್ಪ ಉಸಿರು ಬಿಡದೆ ಕೇಳುತ್ತಾ ನಿಂತ. ಆಮೇಲೆ ಹಣೆ ಒರೆಸಿಕೊಂಡು, "ಕುಂತ್ಲು," ಎಂದು ಇಡೀ ಶೆಡ್ಡಿಗೆ ವರದಿ ಒಪ್ಪಿಸಿದ. "ಈಕಿ ದಿನಾ ಹಿಂಗ ಏಳ್ತಾಳೇನು?"

"ದಿನಕ್ಕ ಹತ್ತು ಸಲ ರೀ."

"ನನಗ ಮೊದ್ಲ ಹೇಳಾಕ ಏನಾಗಿತ್ತು ನಿನಗ?"

"ನೀವು ಕೇಳಿದ್ರಾ? ಕತ್ತರಿ ಹಿಡಕೊಂಡಿದ್ರಿ."

ಅವನು ಹೆಡ್‌ಫೋನ್ ತೆಗೆದು ಅವಳ ಕೈಗೆ ಕೊಟ್ಟ. "ವೈರಿಲ್ದಿದ್ರ ಹಾಕ್ಕೋ ಹೋಗು. ಕಣ್ಣು ಮಾತ್ರ ಸೂಜಿ ಮ್ಯಾಲ ಇರ್ಲಿ."

ಕದಿರಮ್ಮ ಹಾಕಿಕೊಂಡಳು. ಮೂಕಮ್ಮ ಆಗಲೇ ಮಾತಿನ ನಡುವೆ ಇದ್ದಳು: "...ಅಷ್ಟು ಜೋರಾಗಿ ನನ್ನ ಗಂಡನೂ ಗದರಿಸಿಲ್ಲ ಕಣೆ! ಒಳ್ಳೇ ಮನುಷ್ಯ. ಆದ್ರೆ ಗ್ಯಾಸಿನ ಗಾಡಿ ಬೀದಿ ಕೊನೆಗೆ ಹೋಗ್ಬಿಡ್ತು. ಇನ್ನು ಬರೋದು ಬುಧವಾರಕ್ಕೇ. ಗಾಡಿಯವನಿಗೆ ಫೋನ್ ಮಾಡಿ ನಿಲ್ಸು ಅಂತ ಅವರಿಗೇ ಹೇಳು. ನಂಬರ್ ಕೊಡ್ತೀನಿ."

ಕದಿರಮ್ಮ ತಲೆಯೆತ್ತಿದಳು. ಸಣ್ಣಬಸಪ್ಪ ಹೋಗಿರಲಿಲ್ಲ. ಅಲ್ಲೇ ಕೈ ಕಟ್ಟಿಕೊಂಡು ನಿಂತಿದ್ದ.

"ಏನಂತ? ಗಾಡಿ ನಿಂತತೇನು?"

"ಇಲ್ವಂತ್ರಿ. ನೀವು ಫೋನ್ ಮಾಡಿ ನಿಲ್ಲಿಸ್ಬೇಕಂತ."

ಅವನು ಕಟಿಂಗ್ ಟೇಬಲ್ಲಿನಿಂದ ಸೀಮೆಸುಣ್ಣದ ಚೂರು ತೆಗೆದುಕೊಂಡು, ಹತ್ತಿರವಿದ್ದ ಜೀನ್ಸ್ ಬಟ್ಟೆ ಎಳೆದುಕೊಂಡ. "ನಂಬರ್ ಲಗೂನ ಹೇಳು, ಗಾಡಿ ಹೋಗಿಬಿಡ್ತೈತಿ!"