ಕುರುಗೋಡಿನ ಅಂಗಳದಲ್ಲಿ ಕಡಿಮೆ ಬಂದ ಅಂಕಿ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಅಳತೆ ಸರಿಬಂತು. ಸಿರುಗುಪ್ಪದ ಭತ್ತದ ಗದ್ದೆ ಪಕ್ಕದಲ್ಲೂ ಸರಿಬಂತು. ಹಾಳಾದ್ದು, ಕುರುಗೋಡಿನಲ್ಲಿ, ಅದೂ ಸ್ವಂತ ಮನೆತನದ ಅಂಗಳದಲ್ಲಿ, ಸುನಂದಾಳ ಯಂತ್ರ ಹಟ ಹಿಡಿಯಿತು.

ಸುನಂದಾಳದು ನೆಲದ ಸೆಳೆತ ಅಳೆಯುವ ಕೆಲಸ. ಮೇಲೆ ಎರಡು ಉಪಗ್ರಹಗಳು ಒಂದರ ಹಿಂದೊಂದು ಓಡುತ್ತವೆ. ಕೆಳಗೆ ನೆಲ ಭಾರವಿದ್ದಲ್ಲಿ ಮುಂದಿನದನ್ನು ಮೊದಲು ಎಳೆಯುತ್ತದೆ, ಎರಡರ ನಡುವಿನ ಅಂತರ ಕೂದಲೆಳೆಗಿಂತ ಕಡಿಮೆ ಬದಲಾಗುತ್ತದೆ. ಅದರಿಂದಲೇ ಭೂಮಿಯ ಸೆಳೆತದ ನಕ್ಷೆ. ಆದರೆ ಅಷ್ಟೆತ್ತರದಿಂದ ಕಂಡದ್ದೆಲ್ಲ ಮಸುಕುಮಸುಕು. ತಿದ್ದಲು ನೆಲದ ಮೇಲೆ ಕೂತು ಅಳೆದ ಗಟ್ಟಿ ಅಂಕಿ ಬೇಕು. ಹೊಸ ಜಾಗವಾದರೆ ನಡುವೆ ಒಮ್ಮೆ, ಐದೈದು ಹೆಜ್ಜೆ ಆಚೀಚೆ ಒಮ್ಮೆ ಅಳೆಯಬೇಕು. ಎಲ್ಲ ಕಡೆ ಹೊಂದಿದರೆ ಜಾಗ ಪಾಸು.

ಮೂಲೆಗಳು ಹೊಂದಿದವು. ನಡುವಿನ ಚಪ್ಪಡಿಯ ಮೇಲೆ ಮಾತ್ರ ಕಡಿಮೆ. ಮೂರು ಸಲ ಅಳೆದಳು, ಮೂರು ಸಲವೂ ಅದೇ ಕಡಿಮೆ.

"ಅಷ್ಟು ದಪ್ಪ ಕಲ್ಲು, ಆನಿ ನಿಂತ್ರೂ ಅಲುಗಂಗಿಲ್ಲ. ನಿನ್ನ ಡಬ್ಬಿನೇ ಕೆಟ್ಟೈತಿ ನೋಡು," ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಚಿಗವ್ವ ಚನ್ನವೀರಮ್ಮ ನಕ್ಕಳು.

"ಕೆಟ್ಟಿಲ್ಲ ಚಿಗವ್ವಾ. ಇದರ ಕೆಳಗ ಟೊಳ್ಳೈತಿ."

"ಇರ್ತೈತಿ ಬಿಡು. ನಮ್ಮ ಹಗೇವು ಅಲ್ಲೇ ಎಲ್ಲೋ ಇತ್ತಲ್ಲ. ನಿಮ್ಮಜ್ಜ ಬಾಯಿ ಮುಚ್ಚಿಸಿ ಅಂಗಳ ತುಂಬಾ ಕಲ್ಲು ಹಾಸಿಸಿಬಿಟ್ಟ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸುನಂದಾ ಚಪ್ಪಡಿಯಿಂದ ಥಟ್ಟನೆ ಪಕ್ಕಕ್ಕೆ ಸರಿದಳು.

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ತೆರೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಉಸಿರು ನಿಂತೇ ಹೋಗುತ್ತದೆ. ಮೊದಲು ಕಂದೀಲು ಇಳಿಬಿಡಬೇಕು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅಲ್ಲಿಯವರೆಗೆ ಬಾಯಿಯ ಹತ್ತಿರ ಒಬ್ಬರು ಕಾವಲು. ನಲವತ್ತು ವರ್ಷದ ಹಿಂದೆ, ಕೊನೆಯ ಸಲ ಹಗೇವು ತೆರೆದ ದಿನ, ಹಾಗೆ ಕೂರಿಸಿದ್ದು ಎಂಟು ವರ್ಷದ ಸುನಂದಾಳನ್ನು. ಕಾವಲಂತೆ ಕಾವಲು! ಗೆಳತಿಯರು ಕುಂಟೆಬಿಲ್ಲೆಗೆ ಕರೆದರು, ಎದ್ದು ಓಡಿದಳು.

ಸಂಜೆ ಗವಿಸಿದ್ದೇಶ್ ಕಾಕ, ಚಿಗವ್ವನ ಗಂಡ, ಎಲ್ಲೂ ಕಾಣಲಿಲ್ಲ. ಬೆಳಿಗ್ಗೆಯಷ್ಟೇ ಅಣ್ಣನ ಜೊತೆ ಜಗಳವಾಡಿದ್ದ. "ಕಾಕ ಹಗೇವಿಗೆ ಇಳದನೇನು?" ಎಂದು ಅಜ್ಜ ಕೇಳಿದ. ಜಾಗ ಬಿಟ್ಟೆ ಅಂದರೆ ಬಾರುಕೋಲು ಬೀಳುತ್ತಿತ್ತು. "ಇಲ್ಲ, ಬಸ್ ಸ್ಟ್ಯಾಂಡ್ ಕಡಿ ಹೋದ, ನಾ ನೋಡೀನಿ," ಅಂದುಬಿಟ್ಟಳು. ಮಗು ಸುಳ್ಳು ಹೇಳುತ್ತದೆಯೇ? ಖಾಲಿಯಾದ ಹಗೇವು, ಇನ್ನು ಚೀಲಗಳ ಕಾಲ ಎಂದು ಅಜ್ಜ ಮರುದಿನವೇ, ಒಳಗೆ ಇಣುಕದೆ, ಅದರ ಬಾಯಿ ಮುಚ್ಚಿಸಿದ. ಊರ ಬಾಯಿ ಮುಚ್ಚಿಸಲಾಗಲಿಲ್ಲ. ಆದೋನಿಯಲ್ಲಿ ಯಾವಳನ್ನೋ ಇಟ್ಟುಕೊಂಡಿದ್ದಾನಂತೆ, ಎರಡು ಮಕ್ಕಳಂತೆ. ಚನ್ನವೀರಮ್ಮ ನಲವತ್ತು ವರ್ಷ ಅದನ್ನೇ ಕೇಳಿದಳು.

ಸುನಂದಾಳನ್ನೂ ಒಂದು ಕನಸು ಬಿಟ್ಟಿಲ್ಲ. ಕೆಳಗಿನಿಂದ ಕಾಕ ಹೆಸರು ಹಿಡಿದು ಕರೆಯುತ್ತಾನೆ, ಇವಳು ಕುಂಟೆಬಿಲ್ಲೆ ಆಡುತ್ತಲೇ ಇರುತ್ತಾಳೆ. ಬರೀ ಕನಸು ಎಂದು ಇಷ್ಟು ದಿನ ತಳ್ಳಿಹಾಕಿದ್ದಳು.

ಈಗ ಯಂತ್ರವನ್ನು ಬೇವಿನ ಮರದ ಕಡೆ ಸರಿಸಿದರೆ ಮುಗಿಯಿತು. ಅಂಕಿ ಸರಿ, ವರದಿ ಸರಿ, ಕೇಳುವವರು ಯಾರು? ಡಬ್ಬಿ ಎತ್ತಿಯೂ ಎತ್ತಿದಳು. ನಾಲ್ಕು ಹೆಜ್ಜೆ ಇಟ್ಟಳು. ಕಾಲ ಕೆಳಗೆ ಯಾರೋ ಕತ್ತೆತ್ತಿ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಡಬ್ಬಿ ಕೆಳಗಿಟ್ಟಳು.

"ಚಿಗವ್ವಾ, ಕಾಕ ಬಸ್ ಸ್ಟ್ಯಾಂಡಿಗೆ ಹೋಗಿದ್ದು ನಾ ನೋಡಿಲ್ಲ. ಸುಳ್ಳು ಹೇಳಿದ್ದೆ. ಕಾವಲು ಬಿಟ್ಟು ಆಡಾಕ ಹೋಗಿದ್ದೆ."

ಶೇಂಗಾ ಸುಲಿಯುತ್ತಿದ್ದ ಕೈ ನಿಂತಿತು. ಚನ್ನವೀರಮ್ಮ ಅವಳನ್ನು ನೋಡಿದಳು, ಚಪ್ಪಡಿಯನ್ನು ನೋಡಿದಳು. ಬೈಗುಳವೋ ಏಟೋ ಬೀಳಲಿ ಎಂದು ಸುನಂದಾ ತಲೆ ತಗ್ಗಿಸಿ ನಿಂತಳು.

"ಅಂದ್ರ," ಚಿಗವ್ವನ ದನಿ ಸಣ್ಣಗಿತ್ತು, "ಅವ್ರು ನನ್ನ ಬಿಟ್ಟು ಹೋಗಿಲ್ಲೇನು?"

"ಗೊತ್ತಿಲ್ಲ ಚಿಗವ್ವಾ. ತೆಗಿಸಿ ನೋಡಬೇಕು."

ಚನ್ನವೀರಮ್ಮ ಮಂಡಿ ಹಿಡಿದುಕೊಂಡು ಎದ್ದು ಬಂದಳು. ಚಪ್ಪಡಿಯ ಅಂಚಿನಲ್ಲಿ ಕೂತು ಅದರ ಮೇಲೆ ಅಂಗೈ ಇಟ್ಟಳು. ಮುಖದಲ್ಲಿ ನಗು ಮೂಡಿತು. ಆ ನಗು ನೋಡಲಾರದೆ ಸುನಂದಾ ಕಣ್ಣು ಮುಚ್ಚಿದಳು.

"ಬಿಟ್ಟು ಹೋಗಿಲ್ಲ," ಅಂದಳು ಚನ್ನವೀರಮ್ಮ. ಆಮೇಲೆ ನಗು ಅಳಿಸಿಹೋಯಿತು. "ದಿನಾ ಮುಂಜಾನೆ ಕಸ ಹೊಡಿಯೋವಾಗ ಬೈದೀನಲ್ಲೇ ಯವ್ವಾ. ನಲವತ್ತು ವರ್ಷ, ಇದೇ ಕಲ್ಲಿನ ಮ್ಯಾಲೆ ನಿಂತು ಬೈದೀನಿ."